ಸುರಪುರದ ಸೂರ್ಯನಿಗೆ ಕಣ್ಣು ಬರೆಯಲು ಹೋದದ್ದು

ಸುರಪುರ

ಕಂಡವರೆಲ್ಲ ಕೇಳುತ್ತಾರೆ: ಫ್ರಾನ್ಸಿನಲ್ಲಿ ಏನೇನು ನೋಡಿದಿರಿ ಮಾಸ್ತರ್? ಆ ಕಬ್ಬಿಣದ ಗೋಪುರ ನೋಡಿದಿರಾ? ಇಲ್ಲ, ನೋಡಲಿಲ್ಲ. ನಾನು ಹೋದದ್ದು ಎರಡು ಕಣ್ಣು ಬರೆದು ಬರುವುದಕ್ಕೆ. ಒಂದು ಸಲ ಎಲ್ಲವನ್ನೂ ಬರೆದುಬಿಟ್ಟರೆ ಜನ ಕೇಳುವುದನ್ನು ಬಿಟ್ಟಾರು ಎಂಬ ಆಸೆಯಿಂದ ಕೂತಿದ್ದೇನೆ.

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹೆಸರು ಖಾಜಾ. ನಮ್ಮದು ವರಖ ಕುಟ್ಟುವವರ ಮನೆತನ. ಬಂಗಾರದ ಚೂರನ್ನು ಚರ್ಮದ ಹಾಳೆಗಳ ನಡುವೆ ಇಟ್ಟು, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗಾಗುವ ತನಕ ಬಡಿಯುವುದು ಆ ಕೆಲಸ. ನಮ್ಮ ಅಬ್ಬಾ ಬಡಿದ ವರಖೆಲ್ಲ ಸುರಪುರದ ಚಿತ್ರಗಾರ ಮಾನಪ್ಪ ಕಾಕಾನ ಮನೆಗೆ ಹೋಗುತ್ತಿತ್ತು. ನಾನು ಅದನ್ನು ಒಯ್ದು ಕೊಡಲು ಹೋಗಿ ಅಲ್ಲೇ ಕೂತುಬಿಟ್ಟೆ. ಮೂವತ್ತು ವರ್ಷದಿಂದ ಅವರು ಬಣ್ಣ ಹಚ್ಚುತ್ತಾರೆ, ನಾನು ಬಂಗಾರ ಹಚ್ಚುತ್ತೇನೆ.

ಎರಡು ವರ್ಷದ ಹಿಂದೆ ಕ್ಲೇರ್ ಎಂಬ ಫ್ರೆಂಚ್ ಹೆಣ್ಣುಮಗಳು ಕಾಕಾನ ಮನೆ ಹುಡುಕಿಕೊಂಡು ಬಂದಳು. ಅವರ ಊರಿನ ಗುಡ್ಡದ ಮೇಲೆ ಹಳೆಯ ವೇಧಶಾಲೆ ಇದೆಯಂತೆ. ಅಲ್ಲಿಯ ಉದ್ದ ಪಡಸಾಲೆಯಲ್ಲಿ, ಸೂರ್ಯನ ಬಗ್ಗೆ ಮನುಷ್ಯ ಕಂಡುಹಿಡಿದ ಒಂದೊಂದು ಸಂಗತಿಯ ನೆನಪಿಗೂ ಒಂದೊಂದು ಕಲಾಕೃತಿ ಇಡಿಸುವುದು ಅವಳ ನೌಕರಿ. ಅವಳಿಗೆ ಬೇಕಾಗಿದ್ದು ೧೮೬೮ರ ಗ್ರಹಣ. ಆ ದಿನ ಅವರ ದೇಶದ ಒಬ್ಬ ವಿಜ್ಞಾನಿ ಗುಂಟೂರಿನಲ್ಲಿ ದುರ್ಬೀನು ಇಟ್ಟುಕೊಂಡು ಕೂತು, ಸೂರ್ಯನ ಅಂಚಿನಿಂದ ಏಳುವ ಬೆಂಕಿಯ ನಾಲಗೆಗಳ ಬೆಳಕನ್ನು ಒಡೆದು ನೋಡಿದ. ಆ ಬೆಳಕಿನಲ್ಲಿ ಒಂದು ಹಳದಿ ಗೆರೆ ಇತ್ತು. ಭೂಮಿಯ ಮೇಲೆ ಆಗ ಯಾರಿಗೂ ಗೊತ್ತಿಲ್ಲದ ವಸ್ತುವಿನ ಗೆರೆ ಅದು ಎಂದು ಆಮೇಲೆ ತಿಳಿಯಿತು. ಈಗ ಜಾತ್ರೆಯ ಬಲೂನಿಗೆ ತುಂಬುತ್ತಾರಲ್ಲ, ಅದೇ ಹೀಲಿಯಂ.

ಅದೇ ನೆರಳು ಬಿಜಾಪುರದಿಂದ ಗುಂಟೂರಿಗೆ ಹೋಗುವಾಗ ನಮ್ಮ ಸುರಪುರದ ಮೇಲೂ ಹಾದುಹೋಗಿತ್ತು. ನೆರಳು ಬಿದ್ದ ನೆಲದವರೇ ಆ ಚಿತ್ರ ಬರೆಯಬೇಕು ಎಂದು ಕ್ಲೇರ್ ಹಟ ಹಿಡಿದಿದ್ದಳು. ಕಾಕಾ ಒಪ್ಪಿದರು. ಕಣ್ಣಿಗೆ ಪೊರೆ, ಬಲಗೈಗೆ ನಡುಕ. ಆದರೂ ಎಂಟು ತಿಂಗಳು ಕೂತು ಬರೆದರು. ಹಲಗೆಯ ಮೇಲೆ ಸುರಪುರದ ಗುಡ್ಡ, ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸುತ್ತಿರುವ ಹೆಂಗಸು, ಒಳಗೆ ಕೂತ ಬಸುರಿ, ಪರಾತದ ನೀರಿನಲ್ಲಿ ಗ್ರಹಣ ನೋಡುವ ಮುದುಕರು. ಮೂಲೆಯಲ್ಲಿ ದುರ್ಬೀನು ಹಿಡಿದ ಒಬ್ಬ ಟೊಪ್ಪಿಗೆಯ ಸಾಹೇಬ. ಮೇಲೆ, ಕರಿ ಚಂದ್ರ ಪಕ್ಕಕ್ಕೆ ಸರಿದು ಆಗತಾನೆ ಹೊರಬಂದ ಸೂರ್ಯನ ಮೀಸೆ ಹೊತ್ತ ಮುಖ. ಸುತ್ತಲಿನ ಬೆಂಕಿಯೆಲ್ಲ ನನ್ನ ಬಂಗಾರ.

ಎಲ್ಲರಿಗೂ ಕಣ್ಣು ಬರೆದಿದ್ದರು, ಸೂರ್ಯನೊಬ್ಬನಿಗೆ ಬಿಟ್ಟು. ಅವನ ಕಣ್ಣಿನ ಜಾಗ ಬಿಳಿಯಾಗಿಯೇ ಇತ್ತು. ಇದು ಕಾಕಾನ ಮನೆತನದ ರಿವಾಜು: ಚಿತ್ರದ ಮುಖ್ಯ ದೇವರಿಗೆ ಬರೆಯುವ ಮನೆಯಲ್ಲಿ ಕಣ್ಣು ತೆರೆಯಬಾರದು. ಚಿತ್ರ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹೋಗಿ, ಅಲ್ಲಿಯ ಬಾಗಿಲು ಯಾವ ಕಡೆ ಇದೆ ನೋಡಿ, ಬರುವವರ ಕಡೆ ದೃಷ್ಟಿ ಇಟ್ಟು ತೆರೆಯಬೇಕು. ಅಲ್ಲಿಯ ತನಕ ಆ ಚಿತ್ರಕ್ಕೆ ಬಳಸಿದ ಬಣ್ಣದ ಚಿಪ್ಪುಗಳನ್ನು ತೊಳೆಯುವ ಹಾಗಿಲ್ಲ. ತೊಳೆದರೆ ಚಿತ್ರ ಹೆಣ ಆಗುತ್ತದೆ ಎನ್ನುತ್ತಾರೆ.

ಕಾಕಾ ನನ್ನನ್ನು ಕರೆದು ತಮ್ಮ ಬಲಗೈ ಮುಂದೆ ಚಾಚಿದರು. ಅದು ತಾನೇ ತಾನಾಗಿ ಅಲುಗುತ್ತಿತ್ತು.

"ನೋಡಿದೇನು? ಇದು ಈಗ ಕಣ್ಣ ಬರಿಯೂ ಕೈ ಅಲ್ಲ. ವಿಮಾನ ಹತ್ತೂ ಕಾಲೂ ಅಲ್ಲ ಇವು. ನೀ ಹೋಗು ಖಾಜಾ."

"ಕಾಕಾ, ನಾ ಯಾವತ್ತೂ ಕಣ್ಣ ಬರದಿಲ್ರಿ."

"ಬಂಗಾರ ಹಚ್ಚೂ ಮುಂದ ಉಸಿರ ಹಿಡೀತಿ ಇಲ್ಲೊ? ಅಷ್ಟ ಸಾಕು. ಬಲಗಣ್ಣ ಮೊದಲ, ಆಮ್ಯಾಲ ಎಡಗಣ್ಣ. ನಡುವ ಉಸಿರ ಬಿಡಬ್ಯಾಡ."

ಇದು ಓಣಿಗೆ ಗೊತ್ತಾಗಲು ಅರ್ಧ ದಿನ ಬೇಕಾಗಲಿಲ್ಲ. ಒಬ್ಬ ಹಿರಿಯರು ಕಟ್ಟೆಗೇ ಬಂದು ಕೂತು, ನನ್ನೆದುರಿಗೇ ಕೇಳಿದರು: "ಏನ್ರಿ ಮಾನಪ್ಪ, ಸೂರ್ಯನಾರಾಯಣಗ ಸಾಬರ ಕೈಲೆ ಕಣ್ಣ ತೆರಸ್ತೀರಿ?"

ಕಾಕಾ ತಲೆ ಎತ್ತಲಿಲ್ಲ. "ಮೂವತ್ತ ವರ್ಷ ದೇವರ ಕಿರೀಟಕ್ಕ ಬಂಗಾರ ಹಚ್ಚ್ಯಾನ. ಆವಾಗ ಯಾರೂ ಕೇಳಲಿಲ್ಲ. ಈಗ ಯಾಕ ನಿಮ್ಮ ಹೊಟ್ಟ್ಯಾಗ ಸಂಕಟ?"

ನಮ್ಮ ಮನೆಯಲ್ಲೂ ಸುಮ್ಮನೆ ಬಿಡಲಿಲ್ಲ. ಚಿತ್ರಕ್ಕೆ ಕಣ್ಣು ಕೊಡುವುದು ನಮ್ಮವರ ಕೆಲಸವಲ್ಲ ಎಂದು ಹೆಂಡತಿಯ ಅಣ್ಣ ಮುಖ ತಿರುಗಿಸಿದ. ಎರಡೂ ಕಡೆಯಿಂದ ಮಾತು ತಿಂದು ಹೊರಟವನು ನಾನು. ಒಳಗೊಳಗೇ ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕಾಕಾನ ಮನೆತನದಲ್ಲಿ ಹೊರಗಿನವರ ಕೈಗೆ ಕಣ್ಣು ಕೊಟ್ಟದ್ದು ಅದೇ ಮೊದಲು.

ಚಿತ್ರವನ್ನು ಮೂರು ತಿಂಗಳ ಮುಂಚೆಯೇ ಕಳಿಸಬೇಕಿತ್ತು. ಹೈದರಾಬಾದಿನಿಂದ ಪ್ಯಾಕಿಂಗಿನವನೊಬ್ಬ ಮರದ ಪೆಟ್ಟಿಗೆ, ಸ್ಪಂಜು, ಒಂದು ಕಟ್ಟು ಕಾಗದ ತಗೊಂಡು ಬಂದ. ಇಂಗ್ಲಿಷು ಬರುತ್ತದೆಂದು ಸಹಿ ಹಾಕುವ ಕೆಲಸ ನನಗೆ ಬಂತು. ಕಾಗದದಲ್ಲಿ ಒಂದು ಪ್ರಶ್ನೆ: ಕೃತಿ ಪೂರ್ತಿಯಾಗಿದೆಯೇ? ನಾನು ಹೌದು ಎಂಬಲ್ಲಿ ಗುರುತು ಹಾಕಿದೆ. ಯಾಕೆಂದರೆ ನಮ್ಮ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಕಣ್ಣು ತೆರೆಯುವುದನ್ನು ನಮ್ಮಲ್ಲಿ ಯಾರೂ ಕೆಲಸ ಎನ್ನುವುದಿಲ್ಲ. ಮನೆ ಕಟ್ಟಿದ ಮೇಲಿನ ಗೃಹಪ್ರವೇಶದ ಹಾಗೆ ಅದು ಬೇರೆಯದೇ. ಕ್ಲೇರ್‌ಗೂ ಇದನ್ನು ಹೇಳಬೇಕೆಂದು, ಅವಳು ಪಡಸಾಲೆಯ ಸಮಾರಂಭಕ್ಕೆ ಕರೆದಾಗಲೂ, ಕಾಕಾಗೂ ನನಗೂ ಹೊಳೆಯಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಹೈದರಾಬಾದಿನ ವಿಮಾನ ನಿಲ್ದಾಣ

ಹೊರಡುವ ದಿನ ಬೆಳಿಗ್ಗೆ ಕಾಕಾನ ಸೊಸೆ ನೀಲಮ್ಮ ವೈನಿ ಔಡಲೆಣ್ಣೆಯ ದೀಪದ ಮಸಿ ಹಿಡಿದು, ಅಂಟು ಕಲಸಿ, ಕಾಡಿಗೆ ಮಾಡಿ ಒಂದು ಹಿತ್ತಾಳೆ ಡಬ್ಬಿಯಲ್ಲಿ ತುಂಬಿಕೊಟ್ಟಿದ್ದರು. ಬೆಣ್ಣೆಯ ಹಾಗೆ ಮೆತ್ತಗಿತ್ತು. ಒಂದೆರಡು ದಿನದಲ್ಲಿ ಅದು ಕಲ್ಲಾಗುತ್ತದೆ. ಆಮೇಲೆ ಒದ್ದೆ ಕುಂಚ ಸವರಿ ಸವರಿ ಬಣ್ಣ ಎತ್ತಬೇಕು. ಡಬ್ಬಿ ಮತ್ತು ಕಾಕಾನ ಸಣ್ಣ ಕುಂಚ ಎರಡೂ ನನ್ನ ಕೈಚೀಲದಲ್ಲಿದ್ದವು.

ತಪಾಸಣೆಯವನು ಡಬ್ಬಿ ತೆರೆದ. ಮೂಸಿದ. ಇದೇನು ಎಂದ. ಕಾಡಿಗೆ ಎಂದೆ. ಗಂಡಸರಿಗೆ ಯಾತಕ್ಕೆ ಎಂದ. ಸೂರ್ಯನಿಗೆ ಎಂದೆ. ಆಗ ಅವನು ತನ್ನ ಮೇಲಿನವನನ್ನು ಕರೆದ. ಮೇಲಿನವನು ಅವನಿಗೂ ಮೇಲಿನವನನ್ನು ಕರೆದ. ಹಿಂದೆ ಸಾಲಿನಲ್ಲಿ ನಿಂತವರು ನನ್ನ ಗಡ್ಡ ನೋಡಿ, ಡಬ್ಬಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

ನನಗೆ ಪಿತ್ತ ನೆತ್ತಿಗೇರಿತು. ಬಲಗೈಯ ಬೆರಳನ್ನು ಡಬ್ಬಿಯಲ್ಲಿ ಅದ್ದಿ, ಅಷ್ಟು ಕಾಡಿಗೆ ಎತ್ತಿ, ನನ್ನ ಬಲಗಣ್ಣಿಗೇ ಎಳೆದುಕೊಂಡೆ. "ನೋಡ್ರಿ, ಕಾಡಿಗಿ ಅದ ಇದು! ಬಾಂಬ್ ಅಲ್ಲ!" ಕನ್ನಡದಲ್ಲೇ ಕಿರುಚಿದೆ. ಅಂಟು ಕಲಸಿದ ಕಾಡಿಗೆ ಕಣ್ಣಿಗೆ ಹಚ್ಚುವಂಥದ್ದಲ್ಲ. ಉರಿ ಕಿತ್ತು ನೀರು ಧಾರೆಯಾಗಿ ಸುರಿಯಿತು. ಅಳುವ ಗಂಡಸನ್ನು ಕಂಡು ಅವರಿಗೆ ಮುಜುಗರವಾಯಿತೇನೋ, ಹೋಗು ಹೋಗು ಎಂದರು. ಹೀಗೆ ಒಂದು ಕಣ್ಣು ಕಪ್ಪು, ಒಂದು ಕಣ್ಣು ಬಿಳುಪು ಮಾಡಿಕೊಂಡು ನಾನು ಭಾರತ ಬಿಟ್ಟೆ.

ಮೊದಲ ದಿನ: ಗುಡ್ಡದ ಊರು

ನನ್ನನ್ನು ಸ್ಟೇಷನ್ನಿನಲ್ಲಿ ಎದುರುಗೊಂಡವರು ನಸ್ರೀನ್ ಆಪಾ. ಹೈದರಾಬಾದಿನವರು, ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ, ದುಭಾಷಿಯ ಕೆಲಸ. ಅವರಾಡುವುದು ನಮ್ಮ ಮನೆಯ ದಖ್ಖನಿಯೇ. ಓದುವವರಿಗೆ ಸುಲಭವಾಗಲೆಂದು ಇಲ್ಲಿ ನಮ್ಮ ಕನ್ನಡದಲ್ಲಿ ಬರೆದಿದ್ದೇನೆ. ನನ್ನ ಕಣ್ಣು ನೋಡಿ ಮೊದಲು ಕೇಳಿದ್ದೇ, "ಯಾರ ಹೊಡದಾರ ಮಿಯಾಂ ನಿಮಗ?"

ಆ ಊರಿನಲ್ಲಿ ಅಂಗಡಿಗೆ ಹೋದರೆ ಮೊದಲು ನಮಸ್ಕಾರ ಹೇಳಬೇಕು. ಹೇಳದಿದ್ದರೆ ನೀವು ಅಲ್ಲಿ ಇಲ್ಲವೇ ಇಲ್ಲ. ನಾನು ನೀರಿನ ಬಾಟಲಿ ಹಿಡಿದು ಐದು ನಿಮಿಷ ನಿಂತೆ. ಅಂಗಡಿಯಾಕೆ ನನ್ನನ್ನು ದಾಟಿಸಿ ಬೀದಿ ನೋಡುತ್ತಿದ್ದಳು. ಆಪಾ ಬಂದು ಕಲಿಸಿಕೊಟ್ಟ ಮೇಲೆ ಹೇಳಿದೆ, ನಕ್ಕಳು, ನೀರು ಕೊಟ್ಟಳು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ನಮಸ್ಕಾರ ಮಾಡುತ್ತ ನಿಂತರೆ ಗೋಗಿಯ ಬಸ್ಸು ಹೋಗಿಬಿಡುತ್ತದೆ. ರೈಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ನಾನು ಪಕ್ಕದವನಿಗೆ ಯಾವೂರು ಎಂದು ಸನ್ನೆ ಮಾಡಿ ಕೇಳಿದ್ದಕ್ಕೆ ಅವನು ಎದ್ದು ಬೇರೆ ಸೀಟಿಗೆ ಹೋದ. ಬ್ರೆಡ್ಡಿನ ಸಂಗತಿ ಹೇಳಿ ಪ್ರಯೋಜನವಿಲ್ಲ. ನನ್ನ ಎಡಗಡೆಯ ದವಡೆ ಹಲ್ಲು ಈಗಲೂ ಅಲುಗುತ್ತದೆ.

ಬೇಸಿಗೆಯಾದ್ದರಿಂದ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯ ಮುಳುಗುವ ಲಕ್ಷಣವಿಲ್ಲ. ಮಗ್ರಿಬ್ ನಮಾಜಿಗೆ ಕಾದು ಕಾದು ಸಾಕಾಯಿತು. ಹಗಲೆಲ್ಲ ಜನ ಹುಲ್ಲಿನ ಮೇಲೆ ಅರೆಬೆತ್ತಲೆ ಅಂಗಾತ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಯಾದಗಿರಿಯಲ್ಲಿ ಮೇ ತಿಂಗಳಲ್ಲಿ ಹಾಗೆ ಮಲಗಿದರೆ ಎತ್ತಿಕೊಂಡು ಹೋಗಲು ನಾಲ್ಕು ಜನ ಬೇಕು. ನಾವು ಸೂರ್ಯನ ಕಣ್ಣು ತಪ್ಪಿಸಿ ಗೋಡೆಯ ನೆರಳು ಹಿಡಿದು ಓಡಾಡುವವರು, ಅವನಿಗೆ ಕಣ್ಣು ಬರೆಯಲು ನಾನು ಇಷ್ಟು ದೂರ ಬಂದೆನಲ್ಲ ಎಂದು ನಗುವೂ ಬಂತು.

ಎರಡನೇ ದಿನ: ವೇಧಶಾಲೆ

ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ನಮಾಜಿಗೆ ಮುಂಚೆ ಮಾಡುವಂತೆ ಕೈಕಾಲು ಮುಖ ತೊಳೆದು ವಜೂ ಮಾಡಿ, ಕುಂಚವನ್ನು ನೀರಿನಲ್ಲಿ ನೆನೆಸಿ ಮೊನೆ ಮಾಡಿ ಇಟ್ಟುಕೊಂಡೆ. ಎಡಗೈಯ ಉಗುರಿನ ಮೇಲೆ ಬರೀ ನೀರಿನಲ್ಲೇ ಇಪ್ಪತ್ತು ಸಲ ಕಣ್ಣಿನ ಗೆರೆ ಎಳೆದು ನೋಡಿದೆ. ಕೈ ಅಲುಗಲಿಲ್ಲ. ಸಮಾರಂಭ ಮರುದಿನ. ಇವತ್ತೇ ಕೆಲಸ ಮುಗಿಸಬೇಕೆಂದು ಆಪಾಗೆ ಹೇಳಿ ಗುಡ್ಡ ಹತ್ತಿದೆ.

ಕ್ಲೇರ್ ನಮ್ಮನ್ನು ಪಡಸಾಲೆಯ ಈ ತುದಿಯಿಂದ ಕರೆದುಕೊಂಡು ಹೋದಳು. ಸೂರ್ಯನಿಗೂ ಕಲೆಯಿದೆ ಎಂದು ದುರ್ಬೀನಿನಲ್ಲಿ ಕಂಡವರ ನೆನಪಿಗೆ ಒಂದು ಬಿಳಿ ಅಮೃತಶಿಲೆಯ ಗುಂಡು, ಅದರ ಮೇಲೆ ಸುಟ್ಟ ಕಲೆಗಳು. ಸೂರ್ಯನ ಬೆಳಕಿನ ಏಳು ಬಣ್ಣದ ನಡುವೆ ಕಪ್ಪು ಗೆರೆಗಳಿವೆ ಎಂದು ಕಂಡುಹಿಡಿದ ಗಾಜಿನ ಕಸುಬಿನವನ ನೆನಪಿಗೆ ಒಂದು ನೇಯ್ದ ಬಟ್ಟೆ, ಅದರಲ್ಲಿ ನೂರಾರು ಕಪ್ಪು ಎಳೆ. ಔಷಧದ ಅಂಗಡಿಯವನೊಬ್ಬ ವರ್ಷಾನುಗಟ್ಟಲೆ ದಿನಾ ಸೂರ್ಯನ ಕಲೆ ಎಣಿಸಿ, ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ ಎಂದು ಹೇಳಿದನಂತೆ. ಅವನ ನೆನಪಿಗೆ ಒಂದು ಗೋಡೆಯ ತುಂಬ ಬಡಿದ ಮೊಳೆ. ಅದು ನನಗೆ ತುಂಬ ಇಷ್ಟವಾಯಿತು. ದಿನಾ ಒಂದೇ ಕೆಲಸ ಮಾಡುವವರ ಬೇನೆ ನನಗೆ ಗೊತ್ತು, ವರಖ ಕುಟ್ಟುವವನ ಮಗ ನಾನು.

ಕೊನೆಯಲ್ಲಿ ನಮ್ಮ ಹಲಗೆ. ಸತ್ಯ ಹೇಳುತ್ತೇನೆ, ಎದೆ ತುಂಬಿ ಬಂತು. ಕಾಕಾನ ಕತ್ತಲ ಮನೆಯಲ್ಲಿ ಕಾಣದಿದ್ದ ಬಂಗಾರ ಅಲ್ಲಿಯ ದೀಪಕ್ಕೆ ಉರಿಯುತ್ತಿತ್ತು. ಬಾಗಿಲು ಬಲಗಡೆ ಇತ್ತು. ದೃಷ್ಟಿ ಎಷ್ಟು ಓರೆಯಾಗಿ ಇಡಬೇಕೆಂದು ಅಲ್ಲೇ ಅಳೆದೆ. ಆಮೇಲೆ ಗಾಜು ಕಾಣಿಸಿತು. ಹಲಗೆಯನ್ನು ದಪ್ಪ ಗಾಜಿನ ಪೆಟ್ಟಿಗೆಯಲ್ಲಿಟ್ಟು ನಾಲ್ಕೂ ಅಂಚು ಮುಚ್ಚಿದ್ದರು. ಬಣ್ಣ ಕೆಡದಿರಲಿ ಎಂದು ಒಳಗಿನ ಗಾಳಿ ತೆಗೆದು ಬೇರೇನೋ ತುಂಬಿದ್ದರಂತೆ.

"ಆಪಾ, ಇದನ್ನ ತಗೀರಿ ಅಂತ ಹೇಳ್ರಿ. ಒಂದ ತಾಸ ಸಾಕು. ಕಣ್ಣ ಬರೀಬೇಕು."

ಆಪಾ ಹೇಳಿದರು. ಕ್ಲೇರ್ ನಕ್ಕಳು, ತಮಾಷೆ ಅಂದುಕೊಂಡು. ನಾನು ಚೀಲದಿಂದ ಡಬ್ಬಿ, ಕುಂಚ ತೆಗೆದೆ. ಆಗ ಅವಳ ಮುಖದ ರಕ್ತ ಇಳಿಯಿತು. ಓಡಿಹೋಗಿ ವೇಧಶಾಲೆಯ ಡೈರೆಕ್ಟರನ್ನು ಕರೆತಂದಳು. ಎತ್ತರದ, ಮೃದು ಮಾತಿನ ಮನುಷ್ಯ. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಕುಂಚ ಹಿಡಿದು ನಿಂತೇ ಇದ್ದೆ, ಮದುವೆಮನೆಯಲ್ಲಿ ಕರೆಯದೆ ಬಂದವನ ಹಾಗೆ.

"ಆಗೂದಿಲ್ಲಂತ," ಎಂದರು ಆಪಾ. "ಕೃತಿ ಪೂರ್ತಿ ಆಗ್ಯದಂತ ನೀವ ಸಹಿ ಮಾಡೀರಂತ. ಪೂರ್ತಿ ಆಗಿದ್ದನ್ನ ಮುಟ್ಟಲಿಕ್ಕ ಮಾಡಿದವರಿಗೂ ಹಕ್ಕಿಲ್ಲಂತ. ಕಮಿಟಿ ಕೂಡಬೇಕು, ವಿಮಾದವರು ಒಪ್ಪಬೇಕು, ವರ್ಷ ಹಿಡೀತದಂತ."

"ಕೆಲಸ ಪೂರ್ತಿ ಆಗಿತ್ತು. ಕಣ್ಣ ಮಾತ್ರ ಉಳದದ."

"ಅದನ್ನ ನಾ ಹ್ಯಾಂಗ ಫ್ರೆಂಚಿನಾಗ ಹೇಳಲಿ ಮಿಯಾಂ? ಕಣ್ಣಿಲ್ಲಂದ್ರ ಪೂರ್ತಿ ಹ್ಯಾಂಗಾತು ಅಂತ ಕೇಳ್ತಾರ."

ಡೈರೆಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಒಂದು ದಪ್ಪ ಪುಸ್ತಕ ತೆರೆದು ತೋರಿಸಿದರು. ನಮ್ಮ ಸೂರ್ಯನ ಫೋಟೋ, ಪಕ್ಕದಲ್ಲಿ ಎರಡು ಪುಟ ಬರಹ. ಆಪಾ ಓದಿ ಹೇಳಿದರು. ಗ್ರಹಣದಲ್ಲಿ ಸೂರ್ಯನನ್ನು ನೋಡಿದ ಮನುಷ್ಯ ಕುರುಡಾಗುತ್ತಾನೆ. ಸುರಪುರದ ಕಲಾವಿದ ಅದನ್ನು ತಿರುವಿ, ಮನುಷ್ಯ ನೋಡಿದ್ದಕ್ಕೆ ಸೂರ್ಯನೇ ಕುರುಡಾದ ಹಾಗೆ ಬರೆದಿದ್ದಾನೆ, ವಿಜ್ಞಾನದ ಬಗ್ಗೆ ಪೂರ್ವದೇಶದ ಆಳವಾದ ಪ್ರಶ್ನೆ ಇದು, ಇತ್ಯಾದಿ. ಕಾಕಾ ಕೇಳಿದ್ದರೆ ಎಲೆ ಅಡಿಕೆ ಉಗುಳಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ನಾವು ಬಾಕಿ ಬಿಟ್ಟ ಕೆಲಸ ಅವರಿಗೆ ತತ್ವಜ್ಞಾನವಾಗಿತ್ತು, ಅದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು.

ಕ್ಲೇರ್ ಕೆಟ್ಟವಳಲ್ಲ. ಹೋಗುವಾಗ ಅವಳ ಕಣ್ಣಲ್ಲಿ ನೀರಿತ್ತು. "ನಾಳಿ ಸಮಾರಂಭದಾಗ ನೀವ ಎದ್ದು ಖರೇದ್ದು ಹೇಳ್ರಿ ಅಂತಾಳ," ಎಂದು ಆಪಾ ತಿಳಿಸಿದರು. "ಎಲ್ಲಾರ ಮುಂದ ಹೇಳಿದ್ರ ಕಮಿಟಿಯವರು ಇಲ್ಲ ಅನ್ನಲಿಕ್ಕ ಆಗೂದಿಲ್ಲಂತ. ಗಾಜ ತಗಿಸೂದು ನನ್ನ ಮ್ಯಾಲ ಬಿಡ್ರಿ ಅಂದಾಳ."

ಮೂರನೇ ದಿನ: ಸಮಾರಂಭ

ಹೇಳಬೇಕಾದ ಮಾತನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ. ನಾಲ್ಕೇ ಮಾತು. ಸೂರ್ಯ ಕುರುಡನಲ್ಲ. ಕಣ್ಣು ಬರೆಯುವುದು ಬಾಕಿಯಿದೆ. ಅದಕ್ಕೇ ಬಂದಿದ್ದೇನೆ. ಬರೆಯಲು ಬಿಡಿ.

ಇನ್ನೂರು ಜನ ಸೇರಿದ್ದರು. ಹೆಂಗಸೊಬ್ಬಳು ಪಿಟೀಲು ಬಾರಿಸಿದಳು. ಡೈರೆಕ್ಟರು ಮಾತಾಡಿದರು, ಊರಿನ ಮೇಯರು ಮಾತಾಡಿದರು. ಆಪಾ ಕಿವಿಯಲ್ಲಿ ಹೇಳುತ್ತಿದ್ದರು: ಕುರುಡು ಸೂರ್ಯ, ಕುರುಡು ಸೂರ್ಯ. ಎಲ್ಲರೂ ಅದನ್ನೇ ಹೇಳುತ್ತಿದ್ದರು. ಆಮೇಲೆ ನನ್ನನ್ನು ಮುಂದೆ ಕರೆದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಕೈಯೆತ್ತಿ ಕೇಳಿದಳು: ಆ ಬಿಳಿ ಕಣ್ಣುಗಳ ಅರ್ಥ ನಮ್ಮ ಡೈರೆಕ್ಟರು ಹೇಳಿದ್ದೇ ತಾನೆ? ನೀವೇ ಹೇಳಿದರೆ ಚೆನ್ನ.

ಇದಕ್ಕಿಂತ ಸುಲಭದ ಬಾಗಿಲು ಯಾರೂ ತೆರೆದುಕೊಡುವುದಿಲ್ಲ. ಕ್ಲೇರ್ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಆಪಾ ನನ್ನ ಬಾಯಿ ನೋಡುತ್ತಿದ್ದರು. ಡೈರೆಕ್ಟರು ನಗುತ್ತಿದ್ದರು, ಎಷ್ಟು ಒಳ್ಳೆಯ ನಗು ಅಂದರೆ, ನಾನು ನಿಜ ಹೇಳಿದರೆ ಈ ಮನುಷ್ಯ ಇಷ್ಟು ಜನರ ಮುಂದೆ ಮೂರ್ಖನಾಗುತ್ತಾನಲ್ಲ ಅನಿಸಿತು. ನಾನೂ ಆಗುತ್ತೇನೆ. ಕಣ್ಣೇ ಬರೆಯದ ಚಿತ್ರಕ್ಕೆ ಪೂರ್ತಿ ಎಂದು ಸಹಿ ಹಾಕಿದ ಹಳ್ಳಿಗ, ಡ್ರಾಯಿಂಗ್ ಮಾಸ್ತರ ಬೇರೆ.

"ಹೌದ್ರಿ," ಅಂದೆ. "ಬೇಕಂತನ ಹಂಗ ಬಿಟ್ಟೀವಿ."

ಆಪಾ ನನ್ನ ಕಡೆ ಬಗ್ಗಿದರು. "ಇದನ್ನ ಹೇಳ್ಲೇನು? ಯೋಚಿಸ್ರಿ."

"ಹೇಳ್ರಿ."

ಹೇಳಿದರು. ಚಪ್ಪಾಳೆ ಬಿತ್ತು. ಮುದುಕಿ ಎದ್ದು ನಿಂತು ತಟ್ಟಿದಳು. ಕ್ಲೇರ್ ಬಾಗಿಲ ಕಡೆ ಹೋದಳು, ಆಮೇಲೆ ನನಗೆ ಸಿಗಲಿಲ್ಲ. ಯಾರೋ ನನ್ನ ಕೈಗೆ ದ್ರಾಕ್ಷಿ ರಸದ ಲೋಟ ಕೊಟ್ಟರು. ಅದನ್ನು ಹಿಡಿದುಕೊಂಡು ನಾನು ಇನ್ನೂರು ಜನರ ಜೊತೆ ಫೋಟೋ ತೆಗೆಸಿಕೊಂಡೆ, ಹಿಂದೆ ಆ ಎರಡು ಬಿಳಿ ಕಣ್ಣು.

ಸ್ಟೇಷನ್ನಿಗೆ ಬಿಡಲು ಬಂದಾಗ ಆಪಾ ಅಂದರು, "ನೀವ ಹೇಳಿದ್ದು ನಾ ಹೇಳೀನಿ. ಅದರ ಪಾಪ ನನ್ನ ಮ್ಯಾಲ ನಕ್ಕೋ, ಬ್ಯಾಡ್ರಿ." ನಾನು ಚೀಲ ಹೆಗಲಿಗೇರಿಸಿ ರೈಲು ಹತ್ತಿದೆ. ನಾಲ್ಕು ಮಾತು. ದಿನಾ ಅರವತ್ತು ಮಕ್ಕಳೆದುರು ಗಂಟಲು ಹರಿದುಕೊಳ್ಳುವವನು, ತಪಾಸಣೆಯವನ ಮುಖದ ಮೇಲೆ ಕಿರುಚಿದವನು, ಆ ನಾಲ್ಕು ಮಾತು ಆಡಲಿಲ್ಲ. ಬೈದವರ ಮುಂದೆ ನನ್ನ ಬಾಯಿ ಏಳುತ್ತದೆ, ಹೊಗಳಿದವರ ಮುಂದೆ ಬಿದ್ದುಹೋಗುತ್ತದೆ. ಐವತ್ತೆರಡು ವರ್ಷ ಬದುಕಿ ನನ್ನ ಬಗ್ಗೆ ನಾನು ಕಂಡುಹಿಡಿದದ್ದು ಇಷ್ಟು. ಇದಕ್ಕೂ ಒಂದು ಕಲಾಕೃತಿ ಮಾಡಿ ಆ ಪಡಸಾಲೆಯಲ್ಲಿ ಇಡಬಹುದು.

ಯಾದಗಿರಿ ಸ್ಟೇಷನ್

ರೈಲು ಇಳಿಯುತ್ತಲೇ ಬಿಸಿಲು ತಲೆ ಹಿಡಿಯಿತು. ಚಹಾದವನು ಗುರುತು ಹಿಡಿದ. "ಬಂದ್ರೇನ್ರಿ ಮಾಸ್ತರ್! ಪೇಪರಿನ್ಯಾಗ ನಿಮ್ಮ ಫೋಟೋ ಬರ್ತದಂತ? ಹ್ಯಾಂಗದರಿ ಫಾರಿನ್ನು?"

"ತಂಪ ಅದ," ಎಂದೆ.

ಸ್ಟೇಷನ್ನಿನ ಹೊರಗೆ ಬಸ್ಸು ಹತ್ತಿದೆ. ಶಹಾಪುರದಲ್ಲಿ ಇಳಿದು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ಹೋದರೆ ಮತ್ತೆ ಹೊರಬೀಳಲು ಧೈರ್ಯವಾಗುವುದಿಲ್ಲ ಎಂದು ಗೊತ್ತಿತ್ತು. ಅದೇ ಬಸ್ಸಿನಲ್ಲಿ ಸುರಪುರದ ತನಕ ಕೂತೆ. ದಾರಿಯುದ್ದಕ್ಕೂ ನಿಜ ಹೇಳುವ ತಾಲೀಮು ಮಾಡಿದೆ. ಈ ಸಲ ಎರಡೇ ಮಾತು: ಕಾಕಾ, ಬರೆಯಲಿಲ್ಲ. ತಪ್ಪಾಯಿತು.

ಮತ್ತೆ ಸುರಪುರ

ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ಏಳು ತೆಂಗಿನ ಚಿಪ್ಪು. ಮೂರು ತಿಂಗಳಿಂದ ಅವು ಹಾಗೇ ಇದ್ದವು. ಒಳಗೆ ಬಣ್ಣ ಒಣಗಿ ಬಿರುಕು ಬಿಟ್ಟಿತ್ತು. ನನ್ನ ಹೆಜ್ಜೆ ಸಪ್ಪಳಕ್ಕೇ ಅವರು ಮುಖ ಎತ್ತಿದರು.

"ಖಾಜಾ ಬಂದಾನ ನೀಲಮ್ಮ! ಚಾ ಇಡು! ಬಾ, ಇಲ್ಲಿ ಕೂಡು. ತೆರದಿ?"

ಪೊರೆ ಬಂದ ಆ ಎರಡು ಕಣ್ಣು ನನ್ನ ಮುಖ ಹುಡುಕುತ್ತಿದ್ದವು. ಅವೂ ಬಿಳಿ.

"ತೆರದೆನ್ರಿ ಕಾಕಾ."

"ಬಲಗಣ್ಣ ಮೊದಲ?"

"ಹೌದ್ರಿ."

"ನಡುವ ಉಸಿರ ಬಿಡಲಿಲ್ಲಲ್ಲ?"

"ಇಲ್ರಿ."

"ಯಾ ಕಡಿ ನೋಡ್ತಾನ?"

"ಬಾಗಲ ಕಡಿ. ಬಲಕ್ಕ."

ಕಾಕಾ ಕೈಯೆರಡೂ ಎತ್ತಿ ಮುಗಿದರು, ಯಾರಿಗೆಂದು ಗೊತ್ತಿಲ್ಲ. "ಓಣ್ಯಾಗ ಹೋಗಿ ಹೇಳ್ರಿ," ಎಂದರು, "ನನ್ನ ಖಾಜಾ ಕಣ್ಣ ತೆರದ ಬಂದಾನ ಅಂತ ಹೇಳ್ರಿ ಆ ಮಂದಿಗಿ." ನೀಲಮ್ಮ ವೈನಿ ಫೋಟೋ ತೋರಿಸಿ ಎಂದರು. ಫೋನು ಸತ್ತಿದೆ ಎಂದೆ. ನಂತರ ಕಾಕಾ ನೀರು ತರಿಸಿ, ಚಿಪ್ಪು ತೊಳೆಯಲು ಕೂತರು. ನಾನೇ ನೀರು ಹಾಕಿದೆ. ನಡುಗುವ ಬೆರಳಿನಿಂದ ಅವರು ಒಂದೊಂದನ್ನೇ ತಿಕ್ಕುತ್ತಿದ್ದರು. ಕೆಂಪು ಹೋಯಿತು, ನೀಲಿ ಹೋಯಿತು, ಹಸಿರು ಹೋಯಿತು. ಅಂಗಳದ ಮೋರಿಯಲ್ಲಿ ಬಣ್ಣದ ನೀರು ಹರಿಯಿತು. ಇನ್ನೂ ಹೊತ್ತು ಮೀರಿಲ್ಲ, ಹೇಳು ಹೇಳು ಎಂದು ಒಳಗೆ ಒದ್ದಾಡುತ್ತಿದ್ದೆ, ಕೈ ಮಾತ್ರ ನೀರು ಸುರಿಯುತ್ತಲೇ ಇತ್ತು.

ಆರು ಚಿಪ್ಪಾಯಿತು. ಏಳನೆಯದು ಬಿಳಿ ಬಣ್ಣದ್ದು, ಸೂರ್ಯನ ಕಣ್ಣಿನ ಜಾಗಕ್ಕೆ ಹಚ್ಚಿದ್ದು. ಅದನ್ನು ಕೈಗೆತ್ತಿಕೊಂಡು ಕಾಕಾ ಕೇಳಿದರು, "ಉಳದ ಕಾಡಿಗಿ ಎಲ್ಲದ? ತಾ. ಅದನ್ನೂ ಇದರ ಕೂಡ ತೊಳದು ಬಿಡೂಣು."

ಚೀಲದಿಂದ ಡಬ್ಬಿ ತೆಗೆದು ಕೊಟ್ಟೆ. ಯೋಚನೆಯೇ ಮಾಡಲಿಲ್ಲ. ಅವರು ಮುಚ್ಚಳ ತೆಗೆದು, ಕಾಣದ್ದರಿಂದ, ಬೆರಳಾಡಿಸಿ ನೋಡಿದರು. ಕಾಡಿಗೆ ಕಲ್ಲಾಗಿತ್ತು. ಮೇಲ್ಮೈ ನೀಲಮ್ಮ ವೈನಿ ತುಂಬಿಕೊಟ್ಟ ದಿನದಷ್ಟೇ ನುಣುಪಾಗಿತ್ತು, ಒದ್ದೆ ಕುಂಚ ಒಂದು ಸಲವೂ ತಾಗಿರಲಿಲ್ಲ. ನಡುವೆ ಒಂದೇ ಒಂದು ತಗ್ಗು, ಹೈದರಾಬಾದಿನಲ್ಲಿ ನನ್ನ ಬೆರಳು ಮಾಡಿದ್ದು. ಕಾಕಾನ ಬೆರಳು ಆ ತಗ್ಗಿನಲ್ಲಿ ಹೋಗಿ ನಿಂತಿತು. ಅರವತ್ತು ವರ್ಷ ಕುಂಚ ಹಿಡಿದ ಬೆರಳು ಅದು.

ಅವರು ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟರು. ಏಳನೇ ಚಿಪ್ಪನ್ನು ತೊಳೆಯದೆ ನೆಲಕ್ಕಿಟ್ಟು, ಬಟ್ಟೆಗಾಗಿ ತಡಕಿದರು. ಸಿಕ್ಕ ಮೇಲೆ ಅದರ ಮೇಲೆ ಮುಚ್ಚಿದರು.

"ನೀಲಮ್ಮ, ಇದೊಂದ ಇರಲಿ, ಯಾರೂ ತೊಳೀಬ್ಯಾಡ್ರಿ," ಎಂದರು. ನಂತರ ನನ್ನ ಕಡೆ ತಿರುಗಿ, ಎಂದಿನ ದನಿಯಲ್ಲೇ, "ಚಾ ಕುಡದು ಹೋಗಪಾ," ಎಂದರು.

ಕುಡಿದೆ.